ದಿನ ಬಿಟ್ಟು ದಿನ ಬರುವ ಜ್ವರ: ನಾಲ್ಕು ರಸಗಳ ವೈದ್ಯದಲ್ಲಿ ತಪ್ಪು ಎಲ್ಲಿತ್ತು? ಹಂತ ಹಂತವಾಗಿ ಹುಡುಕೋಣ

ಸಮಸ್ಯೆ ಹೀಗಿದೆ. ಊರು ರೋಮ್, ಕಾಲ ಎರಡನೇ ಶತಮಾನ. ಚೆನ್ನಾಗಿದ್ದ ಮನುಷ್ಯನಿಗೆ ಮಧ್ಯಾಹ್ನ ಇದ್ದಕ್ಕಿದ್ದಂತೆ ಗಡಗಡ ನಡುಕ ಹತ್ತುತ್ತದೆ. ಎಷ್ಟು ಹೊದಿಸಿದರೂ ಹಲ್ಲು ಕಟಕಟ ಅನ್ನುವುದು ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೈ ಕೆಂಡ. ತಲೆ ಸಿಡಿತ, ಬಾಯಾರಿಕೆ, ವಾಂತಿ. ಆಮೇಲೆ ಹಾಸಿಗೆ ನೆನೆಯುವಷ್ಟು ಬೆವರು, ಗಾಢ ನಿದ್ದೆ. ಮರುದಿನ ಎದ್ದು ಓಡಾಡುತ್ತಾನೆ, ಊಟ ಮಾಡುತ್ತಾನೆ. ಅದರ ಮರುದಿನ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮತ್ತೆ ನಡುಕ.

ವೈದ್ಯ ಬಂದು ನೋಡಿ, ಹಳದಿ ಪಿತ್ತ ಕೊಳೆತಿದೆ ಎನ್ನುತ್ತಾನೆ. ಇದು ಮಲೇರಿಯಾ ಅಂತ ನಮಗೆ ಈಗ ಗೊತ್ತು. ಆದರೆ "ಅದೆಲ್ಲ ಮೂಢನಂಬಿಕೆ" ಎಂದು ಸುಮ್ನೆ ಮುಂದೆ ಹೋದರೆ ತಪ್ಪು ಯಾವ ಹಂತದಲ್ಲಿ ಆಯಿತು ಅನ್ನೋದು ಗೊತ್ತಾಗುವುದೇ ಇಲ್ಲ. ಈ ಪದ್ಧತಿ ಒಂದೂವರೆ ಸಾವಿರ ವರ್ಷಕ್ಕಿಂತ ಜಾಸ್ತಿ ಬಾಳಿತು. ಅದನ್ನು ನಡೆಸಿದವರು ದಡ್ಡರಲ್ಲ. ಹಾಗಾಗಿ ಅವರು ಏನೇನು ನೋಡುತ್ತಿದ್ದರೋ ಅದನ್ನೇ ನಾವೂ ಒಂದೊಂದಾಗಿ ನೋಡೋಣ. ಅವರು ನೋಡಿದ್ದರಲ್ಲಿ ಬಹುಪಾಲು ಸರಿಯಾಗಿಯೇ ಇತ್ತು. ಕೆಟ್ಟಿದ್ದು ಬೇರೆ ಕಡೆ.

ಶುರು ಮಾಡುವ ಮೊದಲು

ಹಳೆಯ ಗ್ರೀಕ್, ರೋಮನ್ ವೈದ್ಯರ ಲೆಕ್ಕದಲ್ಲಿ ದೇಹದ ರಸಗಳು ನಾಲ್ಕು: ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ರಕ್ತ ಬಿಸಿ ಮತ್ತು ತೇವ, ಅದರ ಕಾಲ ವಸಂತ. ಹಳದಿ ಪಿತ್ತ ಬಿಸಿ ಮತ್ತು ಒಣ, ಬೇಸಿಗೆಯದು. ಕಪ್ಪು ಪಿತ್ತ ತಂಪು ಮತ್ತು ಒಣ, ಎಲೆ ಉದುರುವ ಕಾಲದ್ದು. ಕಫ ತಂಪು ಮತ್ತು ತೇವ, ಚಳಿಗಾಲದ್ದು. ನಾಲ್ಕೂ ಹದವಾಗಿ ಬೆರೆತಿದ್ದರೆ ಆರೋಗ್ಯ, ಒಂದು ಜಾಸ್ತಿಯಾದರೆ ಅಥವಾ ಕೊಳೆತರೆ ರೋಗ. ಇದನ್ನು ಮೊದಲು ಹೀಗೆ ಕಟ್ಟಿ ಹೇಳಿದ್ದು ಗ್ರೀಕ್ ವೈದ್ಯ ಹಿಪೊಕ್ರೇಟಿಸನ ಅಳಿಯ ಪಾಲಿಬಸ್ ಎನ್ನುತ್ತಾರೆ. ಕಟ್ಟಡವನ್ನು ಪೂರ್ತಿ ಎಬ್ಬಿಸಿದವನು ವೈದ್ಯ ಗ್ಯಾಲೆನ್. ಈಗಿನ ಟರ್ಕಿಯಲ್ಲಿರುವ ಪೆರ್ಗಮನ್‌ನಲ್ಲಿ ಹುಟ್ಟಿ, ಕ್ರಿ.ಶ. 162ರಲ್ಲಿ ರೋಮಿಗೆ ಬಂದವನು.

ಇಲ್ಲಿ ನಮ್ಮವರು ಸಾಮಾನ್ಯವಾಗಿ ಎಡವುವ ಜಾಗ ಒಂದಿದೆ. ನಮ್ಮ ವಾತ, ಪಿತ್ತ, ಕಫದ ಲೆಕ್ಕವನ್ನು ಇದರ ಮೇಲೆ ಹೊಂದಿಸಲು ಹೋಗಬೇಡಿ. ಅಲ್ಲಿ ವಾತ ಅನ್ನುವ ರಸವೇ ಇಲ್ಲ. ನಮ್ಮ ತ್ರಿದೋಷದಲ್ಲಿ ರಕ್ತ ಇಲ್ಲ, ಅದು ಧಾತು. ಎರಡೂ ಕಡೆ ಪಿತ್ತ ಇದೆ ಅಂತ ಎರಡೂ ಒಂದೇ ಅಂದುಕೊಂಡರೆ ಮುಂದಿನದ್ದೆಲ್ಲ ಕಲಸುಮೇಲೋಗರ ಆಗುತ್ತದೆ. ಗ್ಯಾಲೆನ್‌ನ ದಾರಿ ನಮ್ಮ ದೇಶಕ್ಕೆ ಬಂದದ್ದು ಪರ್ಷಿಯಾದ ವೈದ್ಯ ಇಬ್ನ್ ಸೀನಾ ಮುಂತಾದವರ ಕೈದಾಟಿ, ಯುನಾನಿಯಾಗಿ. ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಇವತ್ತಿಗೂ ದಮ್, ಬಲ್ಗಮ್, ಸಫ್ರಾ, ಸೌದಾ ಅಂತ ಪಾಠ ಆಗುವುದು ಇದೇ ನಾಲ್ಕು ರಸಗಳದ್ದು.

ಮೊದಲ ಪರೀಕ್ಷೆ: ದಿನ ಎಣಿಸಿ

ಇದು ಎಲ್ಲಕ್ಕಿಂತ ಮುಖ್ಯ. ಹಳೆಯ ವೈದ್ಯರ ಎಣಿಕೆಯಲ್ಲಿ ಜ್ವರ ಬಂದ ದಿನವೇ ಒಂದನೇ ದಿನ. ಸೋಮವಾರ ಬಂದು ಬುಧವಾರ ಮತ್ತೆ ಬಂದರೆ ಅದು ಮೂರನೇ ದಿನದ ಜ್ವರ. ಸೋಮವಾರ ಬಂದು ಗುರುವಾರ ಬಂದರೆ ನಾಲ್ಕನೇ ದಿನದ ಜ್ವರ. ನಮ್ಮ ಗಡಿಯಾರದಲ್ಲಿ ಮೊದಲನೆಯದು 48 ಗಂಟೆ, ಎರಡನೆಯದು 72 ಗಂಟೆ. ಹಳೆಯ ಪುಸ್ತಕ ಓದುವಾಗ ಈ ಎಣಿಕೆ ತಲೆಯಲ್ಲಿ ಇಲ್ಲದಿದ್ದರೆ ಒಂದು ದಿನ ಆಚೀಚೆ ಆಗಿಬಿಡುತ್ತದೆ. ಚರಕಸಂಹಿತೆಯಲ್ಲೂ ವಿಷಮಜ್ವರದ ಕೆಳಗೆ ಅನ್ಯೇದ್ಯುಷ್ಕ, ತೃತೀಯಕ, ಚತುರ್ಥಕ ಅಂತ ಇದೇ ಬಗೆಯ ಎಣಿಕೆ ಇದೆ. ಬೇರೆ ಬೇರೆ ಸಿದ್ಧಾಂತ ಹಿಡಿದು ನೋಡಿದವರಿಗೂ ಕಂಡ ಜ್ವರ ಒಂದೇ ಥರ.

ಗ್ಯಾಲೆನ್ ಹೇಳುವುದು ಹೀಗೆ. ದಿನಾ ಬಂದರೆ ಕಫ, ಮೂರನೇ ದಿನ ಬಂದರೆ ಹಳದಿ ಪಿತ್ತ, ನಾಲ್ಕನೇ ದಿನ ಬಂದರೆ ಕಪ್ಪು ಪಿತ್ತ. ರಸ ರಕ್ತನಾಳದ ಒಳಗೇ ಕೊಳೆತರೆ ಬಿಡದ ಜ್ವರ, ನಾಳದ ಹೊರಗೆ ಕೊಳೆತರೆ ಬಿಟ್ಟು ಬಿಟ್ಟು ಬರುವ ಜ್ವರ. ಕಪ್ಪು ಪಿತ್ತ ಎಲ್ಲಕ್ಕಿಂತ ಗಟ್ಟಿ ಮತ್ತು ಅಂಟು, ಹೊರಗೆ ಹೋಗಲು ನಿಧಾನ. ಅದಕ್ಕೇ ನಾಲ್ಕನೇ ದಿನದ ಜ್ವರ ತಿಂಗಳುಗಟ್ಟಲೆ ಎಳೆಯುತ್ತದೆ.

ಈ ಹಂತದಲ್ಲಿ ಒಂದು ಬಲೆ ಇದೆ. ದಿನಾ ಬರುವ ಜ್ವರ ಎಲ್ಲವೂ ದಿನದ ಜ್ವರ ಅಲ್ಲ. ಮೂರನೇ ದಿನದ ಜ್ವರ ಎರಡು ಒಟ್ಟಿಗೇ ಇದ್ದು ಒಂದು ದಿನ ಹಿಂದೆ ಮುಂದೆ ನಡೆಯುತ್ತಿದ್ದರೆ, ನೋಡುವವರಿಗೆ ದಿನಾ ಜ್ವರ. ನಾಲ್ಕನೇ ದಿನದವು ಮೂರು ಸೇರಿದರೂ ಹಾಗೇ. ಬಿಡಿಸುವುದು ಹೇಗೆ? ಇವತ್ತಿನ ಜ್ವರವನ್ನು ನಿನ್ನೆಯದರ ಜೊತೆ ಹೋಲಿಸಬೇಡಿ. ಮೊನ್ನೆಯದರ ಜೊತೆ ಹೋಲಿಸಿ, ಆಮೇಲೆ ಆಚೆ ಮೊನ್ನೆಯದರ ಜೊತೆ. ನಡುಕ ಹತ್ತಿದ ಹೊತ್ತು, ಎಷ್ಟು ಹೊತ್ತು ನಡುಗಿದ, ಬೆವರು ಎಷ್ಟು, ಇವು ಯಾವ ದಿನದ್ದಕ್ಕೆ ಹೊಂದುತ್ತವೋ ಅದೇ ನಿಜವಾದ ಸರಣಿ.

ಗ್ಯಾಲೆನ್ ರೋಮಿನಲ್ಲಿ ಹೆಸರು ಮಾಡಿದ್ದೇ ಈ ಲೆಕ್ಕದಿಂದ. ಯೂಡೀಮಸ್ ಅಂತ ಒಬ್ಬ ತತ್ತ್ವಜ್ಞಾನಿ, ಅರಿಸ್ಟಾಟಲನ ಪಂಥದವನು, ವಯಸ್ಸು ಅರವತ್ತು ದಾಟಿತ್ತು. ಚಳಿಗಾಲ. ನಾಲ್ಕನೇ ದಿನದ ಜ್ವರ ಹಿಡಿಯಿತು. ಊರಿನ ದೊಡ್ಡ ವೈದ್ಯರು ಸೇರಿ ಅವನಿಗೆ ಥೀರಿಯಾಕ್ ಕುಡಿಸಿದರು. ಅದು ಹಾವಿನ ಮಾಂಸವೂ ಸೇರಿದಂತೆ ಅರವತ್ತಕ್ಕೂ ಹೆಚ್ಚು ಸಾಮಾನು ಹಾಕಿ ಮಾಡುತ್ತಿದ್ದ ಲೇಹ್ಯ. ಜ್ವರ ಇಳಿಯುವ ಬದಲು ಒಂದರ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು ಹುಟ್ಟಿಕೊಂಡಿತು, ಮೂರು ಸರಣಿ. ಬೇರೆಯವರು ಕೈಬಿಟ್ಟರು. ಗ್ಯಾಲೆನ್ ಮಾತ್ರ ನಾಡಿ, ಮೂತ್ರ ನೋಡುತ್ತಾ ಮೂರನ್ನೂ ಬೇರೆ ಬೇರೆಯಾಗಿ ಎಣಿಸಿದ. ಯಾವುದು ಯಾವಾಗ ಬಿಡುತ್ತದೆ ಎಂದು ಮೊದಲೇ ಹೇಳಿದ. ಹಾಗೇ ಆಯಿತು. ಇವನು ವೈದ್ಯದಿಂದಲ್ಲ, ಶಕುನ ನೋಡಿ ಹೇಳುತ್ತಾನೆ ಅಂತ ಎದುರಾಳಿಗಳು ಗುಲ್ಲೆಬ್ಬಿಸಿದರು. ಈ ಕಥೆ ನಮಗೆ ಬಂದಿರುವುದು ಗ್ಯಾಲೆನ್‌ನ ಬಾಯಿಂದಲೇ, ತನ್ನನ್ನು ಹೊಗಳಿಕೊಳ್ಳುವುದರಲ್ಲಿ ಅವನು ಹಿಂದೆ ಬೀಳುವವನಲ್ಲ. ಆದರೂ ಒಳಗಿನ ಲೆಕ್ಕ ನಂಬುವಂತಿದೆ. ಮೂರು ಸರಣಿಯ ನಾಲ್ಕನೇ ದಿನದ ಜ್ವರ ಇವತ್ತಿನ ವೈದ್ಯ ಪುಸ್ತಕಗಳಲ್ಲೂ ಇದೆ.

ಈ ಹಂತದ ಫಲಿತಾಂಶ: ನೋಟ ಸರಿ, ಎಣಿಕೆ ಸರಿ.

ಎರಡನೇ ಪರೀಕ್ಷೆ: ಕಾಲ ಯಾವುದು, ಜಾಗ ಯಾವುದು

ಬೇಸಿಗೆಯ ಕೊನೆ, ಎಲೆ ಉದುರುವ ಕಾಲ, ತಗ್ಗು ಪ್ರದೇಶ, ಜೌಗು. ಇವು ಇದ್ದರೆ ಅನುಮಾನ ಗಟ್ಟಿ. ರೋಮಿನ ಸುತ್ತಲಿನ ಬಯಲು, ದಕ್ಷಿಣಕ್ಕಿದ್ದ ಪೊಂಟೈನ್ ಜೌಗು ಈ ಜ್ವರಕ್ಕೆ ಕುಖ್ಯಾತ. ಬಿಡದ ಜ್ವರ ಮತ್ತು ಮೂರನೇ ದಿನದ ಜ್ವರ ಬೆರೆತಂತೆ ಬರುವ ಕೆಟ್ಟ ಜ್ವರ ಇದೆಯೋ ಇಲ್ಲವೋ ಎಂದು ಹಿಪೊಕ್ರೇಟಿಸನ ಸಾಕ್ಷಿ ಹುಡುಕಬೇಕಿಲ್ಲ, ರೋಮಿನಲ್ಲಿ ದಿನಾ ಕಣ್ಣೆದುರೇ ಕಾಣುತ್ತದೆ ಅಂತ ಗ್ಯಾಲೆನ್ ಬರೆದಿದ್ದಾನೆ. ಈಗಿನ ಲೆಕ್ಕದಲ್ಲಿ ಅದು ಹೆಚ್ಚಾಗಿ ಫಾಲ್ಸಿಪಾರಂ, ಕೊಲ್ಲುವ ಮಲೇರಿಯಾ.

ಕಾಲದ ಜೊತೆ ರಸ ಹೊಂದುತ್ತದೆ, ಜಾಗದ ಜೊತೆ ಕೆಟ್ಟ ಗಾಳಿ ಹೊಂದುತ್ತದೆ. ಹಾಗಾಗಿ ಸೊಳ್ಳೆಯನ್ನು ಯಾರೂ ಕೇಳಲಿಲ್ಲ. ಗ್ಯಾಲೆನ್‌ಗಿಂತ ಇನ್ನೂರು ವರ್ಷ ಹಿಂದೆಯೇ ವಾರೋ ಎಂಬ ರೋಮನ್ ಲೇಖಕ, ಜೌಗಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಜೀವಿಗಳು ಹುಟ್ಟಿ ಗಾಳಿಯಲ್ಲಿ ತೇಲಿ ಬಾಯಿ ಮೂಗಿನಿಂದ ಒಳಹೊಕ್ಕು ರೋಗ ತರುತ್ತವೆ ಎಂದು ಬರೆದಿದ್ದ, ಅದೂ ತೋಟದ ಮನೆ ಎಲ್ಲಿ ಕಟ್ಟಬೇಕು ಅಂತ ಹೇಳುವಾಗ. ಆ ಸಾಲನ್ನು ಹಿಡಿದು ಯಾವ ವೈದ್ಯನೂ ಮುಂದೆ ಹೋಗಲಿಲ್ಲ ಅನ್ನುವುದು ನನಗೆ ಇವತ್ತಿಗೂ ಸಂಕಟ ತರುತ್ತದೆ. ರಸವೇ ಉತ್ತರ ಕೊಡುತ್ತಿದ್ದಾಗ ಬೇರೆ ಪ್ರಶ್ನೆ ಯಾಕೆ ಬೇಕು ಅನಿಸಿತೋ ಏನೋ.

ಮೂರನೇ ಪರೀಕ್ಷೆ: ಹೊಟ್ಟೆ ಮುಟ್ಟಿ ನೋಡಿ, ಕಣ್ಣು ನೋಡಿ

ಮೂರನೇ ದಿನದ ಜ್ವರದವನು ಹಳದಿಯಾಗಿ ವಾಂತಿ ಮಾಡುತ್ತಾನೆ, ಕಣ್ಣು ಹಳದಿ, ಮೂತ್ರ ಗಾಢ ಬಣ್ಣ. ಪಿತ್ತ ಕಣ್ಣಿಗೇ ಕಾಣುತ್ತಿದೆ, ಅಲ್ವಾ?

ನಾಲ್ಕನೇ ದಿನದ ಜ್ವರ ಬಹಳ ಕಾಲ ಕಾಡಿದವನ ಎಡಪಕ್ಕೆಯ ಕೆಳಗೆ ಕೈಯಿಟ್ಟರೆ ಗುಲ್ಮ, ಅಂದರೆ ಪ್ಲೀಹ, ಊದಿಕೊಂಡು ಗಟ್ಟಿಯಾಗಿ ಸಿಗುತ್ತದೆ. ಮಲೆನಾಡಿನ ಹಳಬರು ಜ್ವರಗಡ್ಡೆ ಎನ್ನುತ್ತಿದ್ದರಲ್ಲ, ಅದೇ. ಗ್ಯಾಲೆನ್‌ನ ಪ್ರಕಾರ ರಕ್ತದಿಂದ ಕಪ್ಪು ಪಿತ್ತವನ್ನು ಎಳೆದುಕೊಳ್ಳುವ ಅಂಗ ಯಾವುದು ಗೊತ್ತಾ? ಗುಲ್ಮವೇ. ಸಿದ್ಧಾಂತ ಹೇಳಿದ ಜಾಗದಲ್ಲೇ ಊತ ಸಿಕ್ಕಿತು.

ಇಲ್ಲಿ ಸ್ವಲ್ಪ ನಿಲ್ಲಿ. ಕಣ್ಣು ಹಳದಿಯಾಗುವುದು ಕೆಂಪು ರಕ್ತಕಣಗಳು ಒಡೆದು ಅದರ ಕಸ ಪಿತ್ತದ ಬಣ್ಣವಾಗಿ ರಕ್ತದಲ್ಲಿ ಉಳಿಯುವುದರಿಂದ. ಗುಲ್ಮ ಊದುವುದು ಆ ಒಡೆದ, ಸೋಂಕಾದ ಕಣಗಳನ್ನು ಸೋಸಿ ಸೋಸಿ. ಎರಡೂ ರೋಗದ ಫಲ. ಅವರು ಅದನ್ನು ರೋಗದ ಕಾರಣ ಅಂದುಕೊಂಡರು. ಮೊದಲ ತಪ್ಪು ಇಲ್ಲಿದೆ. ಆದರೆ ಆ ತಪ್ಪು ಮಾಡಲು ಅವರಿಗೆ ಒಳ್ಳೆಯ ಕಾರಣ ಇತ್ತು, ಸೂಕ್ಷ್ಮದರ್ಶಕ ಇಲ್ಲದೆ ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು.

ನಾಲ್ಕನೇ ಪರೀಕ್ಷೆ: ಮೂತ್ರ, ನಾಡಿ

ಮಧ್ಯಯುಗದ ಯೂರೋಪಿನಲ್ಲಿ ವೈದ್ಯನ ಗುರುತೇ ತಳ ದುಂಡಗಿದ್ದ ಗಾಜಿನ ಪಾತ್ರೆ. ಅದರಲ್ಲಿ ಬೆಳಗಿನ ಮೂತ್ರ ಹಿಡಿದು ಬೆಳಕಿಗೆ ಒಡ್ಡಿ ನೋಡುತ್ತಿದ್ದರು. ನೀರಿನಂಥ ಬಿಳಿಯಿಂದ ಕಪ್ಪಿನವರೆಗೆ ಇಪ್ಪತ್ತು ಬಣ್ಣಗಳನ್ನು ಚಕ್ರದ ಹಾಗೆ ಬರೆದಿಟ್ಟ ಚಿತ್ರಗಳು ಹಸ್ತಪ್ರತಿಗಳಲ್ಲಿ ಉಳಿದಿವೆ. ಬಣ್ಣಕ್ಕಿಂತ ಮುಖ್ಯ ಕೆಳಗೆ ಕೂರುವ ಗಸಿ. ಮೂತ್ರ ತೆಳ್ಳಗಿದ್ದು ಏನೂ ಕೂರದಿದ್ದರೆ ರಸ ಇನ್ನೂ ಹಸಿ. ನಡುವೆ ಮೋಡದ ಹಾಗೆ ಕಂಡರೆ ಪಕ್ವವಾಗುತ್ತಿದೆ. ಬಿಳಿಯಾಗಿ, ನುಣ್ಣಗೆ, ಸಮವಾಗಿ ತಳದಲ್ಲಿ ಕೂತರೆ ಪಕ್ವವಾಯಿತು, ದೇಹ ಅದನ್ನು ಹೊರಗೆ ಹಾಕಲು ತಯಾರು. ಹಾಕುವ ದಿನವೇ ನಿರ್ಣಯದ ದಿನ. ಏಳನೆಯದು, ಹದಿನಾಲ್ಕನೆಯದು ಮುಖ್ಯ. ಆವತ್ತು ಜೋರು ಬೆವರು, ಮೂಗಿನಿಂದ ರಕ್ತ, ಭೇದಿ, ಯಾವುದಾದರೂ ಒಂದು ಆಗಿ ರೋಗ ಬಿಡಬೇಕು, ಇಲ್ಲವೇ ರೋಗಿ ಹೋಗಬೇಕು.

ನಾಡಿಯ ಬಗ್ಗೆ ಗ್ಯಾಲೆನ್ ಹದಿನಾರು ಪುಸ್ತಕ ಬರೆದ. ಇರುವೆ ಹರಿದಂತೆ, ಜಿಂಕೆ ನೆಗೆದಂತೆ, ಇಲಿಯ ಬಾಲದಂತೆ ಕಿರಿದಾಗುತ್ತಾ ಹೋಗುವುದು, ಹೀಗೆ ಬಗೆಗಳು. ನಮ್ಮ ನಾಡಿಶಾಸ್ತ್ರದ ಹಾವು, ಕಪ್ಪೆ, ಹಂಸದ ನಡಿಗೆ ನೆನಪಾಗುತ್ತದೆ. ಈ ಜ್ವರದ ಮಟ್ಟಿಗೆ ನಾಡಿಯಿಂದ ಹೊಸದೇನೂ ಸಿಗುವುದಿಲ್ಲ, ಮುಂದೆ ಹೋಗೋಣ.

ಐದನೇ ಪರೀಕ್ಷೆ: ರಕ್ತದ ಬಟ್ಟಲು

ರಕ್ತ ತೆಗೆದ ಮೇಲೆ ಅದನ್ನು ಚೆಲ್ಲುತ್ತಿರಲಿಲ್ಲ. ಬಟ್ಟಲಿನಲ್ಲಿ ಹಾಗೇ ಇಟ್ಟು ನೋಡುತ್ತಿದ್ದರು. ಇದನ್ನು ಒಂದು ಎತ್ತರದ ಗಾಜಿನ ಲೋಟದಲ್ಲಿ ಕಲ್ಪಿಸಿಕೊಳ್ಳಿ. ಅಲುಗಾಡಿಸದೆ ಬಿಟ್ಟರೆ ಸ್ವಲ್ಪ ಹೊತ್ತಿಗೆ ರಕ್ತ ಹೆಪ್ಪುಗಟ್ಟಿ ಪದರ ಪದರವಾಗುತ್ತದೆ. ತಳದಲ್ಲಿ ಹೆಚ್ಚುಕಡಿಮೆ ಕಪ್ಪಾದ ಗಟ್ಟಿ ಹೆಪ್ಪು. ಅದರ ಮೇಲೆ ಕೆಂಪು ಪದರ. ಅದರ ಮೇಲೆ ತೆಳುವಾದ ಬೆಳ್ಳನೆ ಪೊರೆ. ಎಲ್ಲಕ್ಕಿಂತ ಮೇಲೆ ಹಳದಿ ನೀರು. ಕಪ್ಪು, ಕೆಂಪು, ಬಿಳಿ, ಹಳದಿ, ನಾಲ್ಕೂ ಒಂದೇ ಲೋಟದಲ್ಲಿ. ನಾಲ್ಕು ರಸದ ಯೋಚನೆ ಹುಟ್ಟಿದ್ದೇ ಇದನ್ನು ನೋಡಿ ಇರಬಹುದು ಅಂತ ಸ್ವೀಡನ್ನಿನ ರಾಬಿನ್ ಫಾರೇಯಸ್ 1921ರಲ್ಲಿ ಸೂಚಿಸಿದರು. ರಕ್ತಕಣ ಎಷ್ಟು ಬೇಗ ಕೆಳಗೆ ಇಳಿಯುತ್ತದೆ ಅನ್ನುವ ಇಎಸ್‌ಆರ್ ಪರೀಕ್ಷೆಯ ಹಿಂದೆ ಇರುವವರಲ್ಲಿ ಇವರೂ ಒಬ್ಬರು.

ಇನ್ನೊಂದು ಮಾತು. ಜ್ವರ ಬಂದವನ ರಕ್ತದಲ್ಲಿ ಕಣಗಳು ಬೇಗ ಇಳಿಯುತ್ತವೆ, ಹಾಗಾಗಿ ಆ ಬೆಳ್ಳನೆ ಪೊರೆ ದಪ್ಪವಾಗುತ್ತದೆ. ವೈದ್ಯ ಬಟ್ಟಲು ನೋಡಿ "ನೋಡಿ, ಎಷ್ಟು ಕೆಟ್ಟ ರಸ ಇತ್ತು, ಇನ್ನೂ ಸ್ವಲ್ಪ ತೆಗೆಯೋಣ" ಎನ್ನುತ್ತಿದ್ದ. ಕಂಡದ್ದು ನಿಜ. ರೋಗದ ಗುರುತೂ ಹೌದು. ಆದರೆ ರಕ್ತ ತೆಗೆದಷ್ಟೂ ರೋಗಿ ಸೋತ. ಮಲೇರಿಯಾ ಮೊದಲೇ ಕೆಂಪು ಕಣಗಳನ್ನು ಒಡೆದು ಹಾಕುತ್ತಿದೆ, ಅದರ ಮೇಲೆ ಬಟ್ಟಲು ಬಟ್ಟಲು ರಕ್ತ ಹೊರಗೆ.

ಆರನೇ ಪರೀಕ್ಷೆ: ಮದ್ದು ಕೊಟ್ಟು ನೋಡಿ

ನಿಜವಾದ ದೋಷ ಇರುವುದು ಇಲ್ಲಿ.

ಬಿಸಿ ರೋಗಕ್ಕೆ ತಂಪು, ಒಣ ರೋಗಕ್ಕೆ ತೇವ, ಹೆಚ್ಚಾದದ್ದನ್ನು ಹೊರಗೆ ಹಾಕು. ಇಷ್ಟೇ ನಿಯಮ. ಹಳದಿ ಪಿತ್ತದ ಜ್ವರಕ್ಕೆ ಬಾರ್ಲಿ ಗಂಜಿ, ತಣ್ಣೀರು, ಭೇದಿ ಮದ್ದು. ಕಪ್ಪು ಪಿತ್ತಕ್ಕೆ ಕಪ್ಪು ಹೆಲ್ಲೆಬೋರ್ ಬೇರು. ಶಕ್ತಿ ಇದ್ದವನಿಗೆ ರಕ್ತ ತೆಗೆಯುವುದು. ಈಗ ಫಲಿತಾಂಶ ಹೇಗೆ ಓದುತ್ತಿದ್ದರು ನೋಡಿ. ಉರಿ ಜೋರಾಗಿದ್ದಾಗ ರಕ್ತ ತೆಗೆದರು, ಒಂದೆರಡು ಗಂಟೆಗೆ ಬೆವರು ಬಂದು ಜ್ವರ ಇಳಿಯಿತು: ಮದ್ದು ಕೆಲಸ ಮಾಡಿತು. ಮೂರನೇ ದಿನ ಮತ್ತೆ ಬಂತು: ರಸ ಇನ್ನೂ ಉಳಿದಿದೆ, ಇನ್ನೂ ತೆಗೆಯಬೇಕು. ಕೆಲವು ವಾರಕ್ಕೆ ಬಿಟ್ಟುಹೋಯಿತು: ರಸ ಪಕ್ವವಾಯಿತು. ಸತ್ತ: ರಸ ಬಲವಾಗಿತ್ತು, ತಡವಾಗಿ ಕರೆಸಿದರು, ರೋಗಿ ಪಥ್ಯ ಕೆಡಿಸಿದ.

ಯಾವುದಾದರೂ ಒಂದು ಫಲಿತಾಂಶಕ್ಕೆ "ಹಾಗಾದರೆ ನಮ್ಮ ಊಹೆ ತಪ್ಪು" ಅನ್ನುವ ಉತ್ತರ ಇದೆಯಾ? ಇಲ್ಲ. ಮಲೇರಿಯಾದ ನಡುಕ, ಉರಿ, ಬೆವರು ಏನೂ ಮಾಡದಿದ್ದರೂ ಕೆಲವೇ ಗಂಟೆಯಲ್ಲಿ ಮುಗಿಯುತ್ತದೆ. ಮೂರನೇ ದಿನದ ಜ್ವರ ಎಷ್ಟೋ ಸಲ ತಾನಾಗಿಯೇ ಮೆತ್ತಗಾಗುತ್ತದೆ. ಏನೂ ಕೊಡದ ರೋಗಿಯನ್ನು ಪಕ್ಕದಲ್ಲಿಟ್ಟು ಹೋಲಿಸುವ ಅಭ್ಯಾಸ ಇರಲಿಲ್ಲ. ಕಾರಣ ತಪ್ಪಾಗಿ ಹಿಡಿದದ್ದಕ್ಕಿಂತ ಇದು ದೊಡ್ಡ ದೋಷ. ತಪ್ಪು ಕಾರಣವನ್ನು ಸರಿಯಾದ ಪರೀಕ್ಷೆ ಒಂದಲ್ಲ ಒಂದು ದಿನ ಹೊರಗೆ ಹಾಕುತ್ತದೆ. ಸೋಲಲಾರದ ಪರೀಕ್ಷೆ ಯಾವ ತಪ್ಪನ್ನೂ ಹೊರಗೆ ಬಿಡುವುದಿಲ್ಲ.

ಕಹಿ ತೊಗಟೆ ಬಂದಾಗ

ಹದಿನೇಳನೇ ಶತಮಾನದ ನಡುಭಾಗದಲ್ಲಿ ದಕ್ಷಿಣ ಅಮೆರಿಕದ ಲೋಹಾ ಕಡೆಯಿಂದ, ಅಂದರೆ ಈಗಿನ ಈಕ್ವೆಡಾರ್‌ನಿಂದ, ಸಿಂಕೋನಾ ತೊಗಟೆ ರೋಮಿಗೆ ಬಂತು. ತಂದವರು ಜೆಸ್ಯುಟ್ ಪಾದ್ರಿಗಳು. ಪುಡಿ ಮಾಡಿ ವೈನಿನಲ್ಲಿ ಕದಡಿ ಕುಡಿಸಿದರೆ ಬಿಟ್ಟು ಬರುವ ಜ್ವರ ನಿಲ್ಲುತ್ತಿತ್ತು. ವೈದ್ಯರಿಗೆ ತಲೆ ಕೆಟ್ಟಿತು. ತೊಗಟೆ ಕಹಿ, ಅವರ ಲೆಕ್ಕದಲ್ಲಿ ಬಿಸಿ. ಬಿಸಿಯ ಪದಾರ್ಥ ಜ್ವರ ಇಳಿಸುವುದು ಹೇಗೆ? ಅದಕ್ಕಿಂತ ಕಷ್ಟದ್ದು: ಭೇದಿ ಇಲ್ಲ, ವಾಂತಿ ಇಲ್ಲ, ಹೊರಗೆ ಏನೂ ಹೋಗಿಲ್ಲ. ಕೊಳೆತ ರಸ ಒಳಗೇ ಇದ್ದರೆ ಜ್ವರ ನಿಂತದ್ದು ಹೇಗೆ?

ಅವರು ಕೊಟ್ಟ ಉತ್ತರ, ತೊಗಟೆ ರಸವನ್ನು ಒಳಗೇ ಕಟ್ಟಿಹಾಕುತ್ತದೆ, ಜ್ವರ ಮತ್ತೆ ಬರುತ್ತದೆ. 1652ರಲ್ಲಿ ನೆದರ್ಲೆಂಡ್ಸ್‌ನ ಸ್ಪೇನ್ ಭಾಗವನ್ನು ಆಳುತ್ತಿದ್ದ ಆರ್ಚ್‌ಡ್ಯೂಕ್ ಲಿಯೊಪೋಲ್ಡ್ ವಿಲ್ಹೆಲ್ಮ್‌ಗೆ ನಾಲ್ಕನೇ ದಿನದ ಜ್ವರ ಹಿಡಿಯಿತು. ತೊಗಟೆ ಕೊಟ್ಟರು, ನಿಂತಿತು. ಸ್ವಲ್ಪ ದಿನಕ್ಕೆ ಮರಳಿತು. ಅವನ ವೈದ್ಯ ಷಿಫ್ಲೆ ಮರುವರ್ಷವೇ ತೊಗಟೆಯ ವಿರುದ್ಧ ಪುಸ್ತಕ ಬರೆದ.

ಪರೀಕ್ಷೆಯನ್ನು ಸರಿಯಾಗಿ ತಿರುಗಿಸಿದವನು ಇಟಲಿಯ ಮೊಡೆನಾದ ಫ್ರಾನ್ಚೆಸ್ಕೊ ತೊರ್ತಿ, 1712ರಲ್ಲಿ. ರಸ ಯಾವುದು ಅನ್ನುವ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ತೊಗಟೆಗೆ ಬಗ್ಗುವ ಜ್ವರ ಯಾವುದು, ಬಗ್ಗದ್ದು ಯಾವುದು ಅಂತ ವಿಂಗಡಿಸಿದ. ಅವನ ಪುಸ್ತಕದಲ್ಲಿ ಜ್ವರಗಳ ಮರದ ಚಿತ್ರ ಇದೆ. ಬಗ್ಗುವ ಜ್ವರಗಳ ಕೊಂಬೆಗೆ ತೊಗಟೆ ಇದೆ, ಬಗ್ಗದವು ಬೋಳು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತಿ ದೊಡ್ಡ ಹೆಜ್ಜೆ ಇದು. ಮೊದಲ ಸಲ ಒಂದು ಪರೀಕ್ಷೆಗೆ ಹೌದು, ಇಲ್ಲ ಅಂತ ಎರಡು ಉತ್ತರ ಬಂತು.

ಉಳಿದದ್ದು ಬೇಗ ಹೇಳಬಹುದು. 1880ರಲ್ಲಿ ಅಲ್ಜೀರಿಯಾದಲ್ಲಿ ಲಾವೆರಾನ್ ರಕ್ತಕಣದೊಳಗೆ ಜೀವಿಯನ್ನು ಕಂಡ. ಅದಾದ ಕೆಲವೇ ವರ್ಷಕ್ಕೆ ಗಾಲ್ಜಿ, ಆ ಜೀವಿಗಳೆಲ್ಲ ಒಟ್ಟಿಗೆ ಬೆಳೆದು ಒಟ್ಟಿಗೆ ಕಣ ಒಡೆದು ಹೊರಬರುವ ಹೊತ್ತಿಗೇ ನಡುಕ ಹತ್ತುತ್ತದೆ ಎಂದು ತೋರಿಸಿದ. 1897ರ ಆಗಸ್ಟ್ 20ರಂದು ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಅದನ್ನು ಹಿಡಿದ. ಆ ಜೀವಿಯಲ್ಲಿ ವೈವಾಕ್ಸ್ ಎಂಬ ಬಗೆಗೆ ಈ ಸುತ್ತು 48 ಗಂಟೆ, ಮಲೇರಿಯೆ ಎಂಬ ಬಗೆಗೆ 72 ಗಂಟೆ. ಯೂಡೀಮಸ್‌ನ ಹಾಸಿಗೆಯ ಪಕ್ಕ ಗ್ಯಾಲೆನ್ ಎಣಿಸಿದ ಮೂರು ಸರಣಿ ಬೇರೆ ಬೇರೆ ದಿನ ಒಡೆಯುವ ಮೂರು ಪೀಳಿಗೆ ಇರಬೇಕು.

ಹಳೆಯ ಗ್ರಂಥ ಓದುವವರಿಗೆ ಒಂದು ಎಚ್ಚರ. ಮೂರನೇ ದಿನದ ಜ್ವರ ಅಂತ ಬರೆದದ್ದೆಲ್ಲ ವೈವಾಕ್ಸ್ ಅಂತ ಕಣ್ಣುಮುಚ್ಚಿ ಬರೆಯಬೇಡಿ. ಹೊತ್ತು, ಕಾಲ, ಜಾಗ, ಗುಲ್ಮ, ಇವುಗಳಲ್ಲಿ ಎರಡು ಮೂರಾದರೂ ಹೊಂದಬೇಕು. ಬರೀ "ಕಪ್ಪು ಪಿತ್ತ" ಅಂತ ಇದ್ದರೆ ಅದು ಮನಸ್ಸಿನ ಖಿನ್ನತೆ ಇರಬಹುದು, ಮೂಲವ್ಯಾಧಿ ಇರಬಹುದು, ಗಡ್ಡೆ ಇರಬಹುದು.

ಇನ್ನು ಷಿಫ್ಲೆ. ಅವನು ಕಂಡದ್ದೂ ನಿಜವೇ. ನಾಲ್ಕನೇ ದಿನದ ಜ್ವರದ ಜೀವಿ ಕಣ್ಣಿಗೆ ಬೀಳದಷ್ಟು ಕಡಿಮೆ ಸಂಖ್ಯೆಯಲ್ಲಿ ರಕ್ತದಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು, ತೊಗಟೆಯ ಪ್ರಮಾಣ ಸಾಲದೆ ಹೋದರೆ ಮತ್ತೆ ತಲೆ ಎತ್ತುತ್ತದೆ. ವೈವಾಕ್ಸ್ ಇನ್ನೊಂದು ಥರ. ಅದು ಪಿತ್ತಜನಕಾಂಗದಲ್ಲಿ ಅಡಗಿ ಕೂರುತ್ತದೆ, ಸಿಂಕೋನಾ ತೊಗಟೆಯಲ್ಲಿರುವ ಮದ್ದಾದ ಕ್ವಿನೀನ್ ಅಲ್ಲಿಗೆ ತಾಗುವುದಿಲ್ಲ. ಅದಕ್ಕೇ ಇವತ್ತು ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ವೈವಾಕ್ಸ್ ಬಂದವರಿಗೆ, ಜ್ವರ ಮೂರೇ ದಿನಕ್ಕೆ ಬಿಟ್ಟರೂ, ಗರ್ಭಿಣಿಯರು ಮತ್ತು ಎಳೆ ಮಕ್ಕಳಂಥ ಕೆಲವರನ್ನು ಬಿಟ್ಟು ಉಳಿದವರಿಗೆ ಪ್ರಿಮಾಕ್ವಿನ್ ಮಾತ್ರೆ 14 ದಿನ ನುಂಗಲು ಹೇಳುವುದು. ಎಷ್ಟೋ ಜನ ಮೈ ಹಗುರಾಯಿತು ಅಂತ ಐದನೇ ದಿನಕ್ಕೇ ನಿಲ್ಲಿಸಿಬಿಡುತ್ತಾರೆ, ಕೆಲವು ತಿಂಗಳಿಗೆ ಅದೇ ನಡುಕ ಮತ್ತೆ ಹತ್ತಿಕೊಳ್ಳುತ್ತದೆ.